ನಾಲಿಗೆಗೆ ಸಿಗದ ಉಪ್ಪು

ಏಳನೇ ತರಗತಿಯ ಮಕ್ಕಳಿಗೆ ದ್ರಾವಣದ ಪಾಠ ಮಾಡುತ್ತಿದ್ದೆ. ಉಪ್ಪು ನೀರಿನಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ, ಇಷ್ಟೇ ವಿಷಯ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನಮ್ಮ ಬೋರಿನ ನೀರು ತಿಳಿಯಾಗೇ ಐತಲ್ಲ, ಅದ್ರಾಗೇನೂ ಇಲ್ವಾ ಹಂಗಾದ್ರೆ?" ಎಂದ. ಬಾಯಲ್ಲಿ ಹೇಳಿದರೆ ನಂಬುವ ಹುಡುಗನಲ್ಲ. ಬಿಸಿಯೂಟದ ಅಡುಗೆಯಮ್ಮನನ್ನು ಕೇಳಿ ಒಂದು ಸ್ಟೀಲ್ ಪಾತ್ರೆ ತಂದೆವು. ಒಂದು ಲೀಟರ್ ಬೋರಿನ ನೀರನ್ನು ಬಟ್ಟೆಯಲ್ಲಿ ಸೋಸಿ ಒಲೆಯ ಮೇಲಿಟ್ಟೆವು. ನೀರೆಲ್ಲ ಇಂಗಿದ ಮೇಲೆ ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಒಂದು ಪದರ ಕೂತಿತ್ತು. ಕೇಳಿದ ಹುಡುಗ ನನಗಿಂತ ಮೊದಲೇ ಬೆರಳಿನಿಂದ ಕೆರೆದು ನೆಕ್ಕಿಬಿಟ್ಟ! "ಉಪ್ಪುಪ್ಪು, ಒಗರೊಗರು" ಎಂದ.

ಆ ಬಿಳಿ ಪದರವೇ ಇವತ್ತಿನ ಲೇಖನದ ವಿಷಯ. ಇಂಗ್ಲಿಷಿನವರು ಇಟ್ಟ ಹೆಸರಿನ ಮೂರಕ್ಷರ ಈಗ ನಮ್ಮ ಹಳ್ಳಿಗಳಲ್ಲೂ ಎಲ್ಲರ ಬಾಯಲ್ಲಿದೆ, ಟಿಡಿಎಸ್. ಕನ್ನಡದಲ್ಲಿ ಹೇಳುವುದಾದರೆ ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತು. ಪ್ರಯೋಗಾಲಯದಲ್ಲಿ ಮಾಡುವುದೂ ನಾವು ಮಾಡಿದ್ದೇ. ಅಲ್ಲಿ ನುಣ್ಣನೆಯ ಶೋಧಕದಲ್ಲಿ ಸೋಸಿ, ಆವಿ ಮಾಡಿ, 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ, ಉಳಿದದ್ದನ್ನು ತೂಗುತ್ತಾರೆ. ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬುದೇ ಲೆಕ್ಕ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡ್, ಸಲ್ಫೇಟ್ ಇವೇ ಅದರಲ್ಲಿ ಮುಖ್ಯವಾದವು. ನೈಟ್ರೇಟ್, ಫ್ಲೋರೈಡ್ ಮೊದಲಾದವು ಇದ್ದರೂ ಸ್ವಲ್ಪ. ಆ 'ಸ್ವಲ್ಪ'ದ ಬಗ್ಗೆ ಮುಂದೆ ಹೇಳುತ್ತೇನೆ.

ಈ ಪ್ರಯೋಗ ನಮ್ಮ ಸೀಮೆಗೆ ಹೊಸದೇನಲ್ಲ. ರೊಳ್ಳ, ಮಡಕಶಿರಾ, ರಾಯದುರ್ಗದ ಕಡೆಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಕೆಲವು ಹೊಲಗಳಲ್ಲಿ ಬೆಳ್ಳಗೆ ಸವುಳು ಏಳುವುದನ್ನು ನೀವೂ ನೋಡಿರುತ್ತೀರಿ. ಹಿಂದೆ ಈ ಮಣ್ಣನ್ನು ಕೆರೆದು ಗುಡ್ಡೆ ಹಾಕಿ, ಮೇಲೆ ನೀರು ಸುರಿದು, ಕೆಳಗೆ ಬಸಿದು ಬಂದ ಉಪ್ಪುನೀರನ್ನು ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಉಪ್ಪಾರರಿಗೆ ಆ ಹೆಸರು ಬಂದದ್ದೇ ಈ ಕಸುಬಿನಿಂದ. ಬಳ್ಳಾರಿ, ಅನಂತಪುರ ಸೀಮೆಯ ಬಡವರ ಮನೆಗಳಲ್ಲಿ ಸಮುದ್ರದ ಉಪ್ಪಿಗಿಂತ ಈ ಮಣ್ಣುಪ್ಪೇ ಅಗ್ಗ. ಉಪ್ಪಿನ ಮೇಲೆ ತೆರಿಗೆ ಹಾಕಿದ್ದ ಬ್ರಿಟಿಷ್ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಈ ಕಸುಬನ್ನು ನಿಲ್ಲಿಸಿಬಿಟ್ಟರು. 1930ರ ದಂಡಿ ಉಪ್ಪಿನ ಸತ್ಯಾಗ್ರಹವನ್ನು ಮಕ್ಕಳಿಗೆ ಪಾಠ ಮಾಡುವಾಗ ನಾನು ಈ ಮಾತನ್ನೂ ಸೇರಿಸುತ್ತೇನೆ, ಉಪ್ಪಿನ ಕಾನೂನಿನ ಪೆಟ್ಟು ಸಮುದ್ರದಿಂದ ನೂರಾರು ಮೈಲಿ ದೂರದ ನಮ್ಮ ಊರುಗಳಿಗೂ ಬಿದ್ದಿತ್ತು ಎಂದು.

ಅಂದರೆ ಮಣ್ಣಿನ ಉಪ್ಪು ನೀರಿಗೆ ಇಳಿಯುತ್ತದೆ, ನೀರಿನಿಂದ ಅದನ್ನು ಮತ್ತೆ ತೆಗೆಯಬಹುದು ಎಂಬುದು ಓದುಬರಹ ಬಾರದವರಿಗೂ ಗೊತ್ತಿತ್ತು. ಅರಸರಿಗೂ ಗೊತ್ತಿತ್ತು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಸಂಸ್ಕೃತ ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ, ಭವದೂರ ಎಂದೂ ಹೆಸರು, ಅಲ್ಲಿ ಕಟ್ಟಿಸಿದ ಕೆರೆಯದು. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕವನ್ನೂ ಕೊಟ್ಟಿದೆ. ಅದಕ್ಕಿಂತ ಸ್ವಾರಸ್ಯವಾದದ್ದು ಮುಂದಿದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು, ಕೆಟ್ಟ ಕೆರೆಗೆ ಆರು ದೋಷಗಳು ಎಂದು ಶಾಸನ ಪಟ್ಟಿ ಮಾಡುತ್ತದೆ. ಸಿಹಿನೀರು ತರುವ ಹೊಳೆ ಒಂದು ಅಂಗ. ಉಪ್ಪು ನೆಲ ಒಂದು ದೋಷ. ಆರು ನೂರು ವರ್ಷಗಳ ಹಿಂದೆ ಕೆರೆಯ ಜಾಗ ಹುಡುಕುವವರು ಮೊದಲು ಮಣ್ಣಿನ ರುಚಿ ನೋಡುತ್ತಿದ್ದರು ಎಂದಾಯಿತು!

ಆ ದೋಷಗಳ ಪಟ್ಟಿಯಲ್ಲಿ ಇನ್ನೊಂದಿದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದಂತೆ. ಓದಿದಾಗ ನಗು ಬಂತು, ಆಮೇಲೆ ಬರಲಿಲ್ಲ. ಮೂರು ಕಡೆ ಕರ್ನಾಟಕ, ಒಂದು ಕಡೆ ಆಂಧ್ರ ಇರುವ ಮಡಕಶಿರಾ ಸೀಮೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರಕ್ಕೆ ಬಂತು. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ಒಡೆದು ಮಡಕಶಿರಾ, ರೊಳ್ಳ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆಗಳು ಬದಲಾದವು. ಗೆರೆಯ ಕೆಳಗಿನ ಕಲ್ಲು ಮಾತ್ರ ಶಿರಾ, ಪಾವಗಡಕ್ಕೂ ಒಂದೇ, ನಮಗೂ ಒಂದೇ.

ಹಳಬರು ಕುಡಿಯುವ ನೀರನ್ನು ಆರಿಸುತ್ತಿದ್ದದ್ದು ನಾಲಿಗೆಯಿಂದ. ಊರಲ್ಲಿ ಹತ್ತು ಬಾವಿ ಇದ್ದರೂ ಕುಡಿಯುವುದಕ್ಕೆ ಸೀನೀರ ಬಾವಿ ಒಂದೇ, ಉಳಿದ ಸವುಳು ಬಾವಿಗಳು ದನಕ್ಕೆ, ಬಟ್ಟೆಗೆ, ಹೊಲಕ್ಕೆ. ಹಳ್ಳದ ಮರಳಿನಲ್ಲಿ ತೋಡಿದ ಚಿಲುಮೆ, ಕೆರೆಯಂಗಳದ ತಲಪರಿಗೆ ಇವುಗಳ ನೀರಿಗೆ ಎಲ್ಲಿಲ್ಲದ ಮರ್ಯಾದೆ. ತಲಪರಿಗೆಯ ನೀರು ಮೊನ್ನೆ ಮೊನ್ನೆ ಬಿದ್ದ ಮಳೆಯದು. ಮರಳಿನಲ್ಲಿ ನಾಲ್ಕಾರು ಅಡಿ ಇಳಿದು ಬಂದದ್ದು, ಕಲ್ಲಿನ ಜೊತೆ ಹೆಚ್ಚು ಕಾಲ ಕಳೆದದ್ದಲ್ಲ. ಆದ್ದರಿಂದ ಅದರಲ್ಲಿ ಕರಗಿದ್ದೂ ಕಡಿಮೆ. ಶಿರಾ, ಮಧುಗಿರಿ, ಪಾವಗಡದ ಕಡೆಯ ಹಿರಿಯರು ಈಗಲೂ ತಲಪರಿಗೆಯ ಮಾತೆತ್ತಿದರೆ ಕಣ್ಣರಳಿಸುತ್ತಾರೆ.

ನಾಲಿಗೆಗೆ ಜೊತೆಯಾಗಿ ಇನ್ನೆರಡು ಪರೀಕ್ಷೆಗಳಿದ್ದವು, ಬೇಳೆ ಮತ್ತು ಸೋಪು. ಬೇಳೆ ಬೇಯದಿದ್ದರೆ, ಸೋಪಿನ ನೊರೆ ಬಾರದಿದ್ದರೆ ಅದು ಗಡಸು ನೀರು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರು. ಇದು ಬರೀ ಹೆಂಗಸರ ಅಡುಗೆಮನೆ ಮಾತು ಎಂದುಕೊಳ್ಳಬೇಡಿ. ಸ್ಕಾಟ್ಲೆಂಡಿನ ಆಬರ್ಡೀನ್‌ನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಥಾಮಸ್ ಕ್ಲಾರ್ಕ್ 1841ರ ಸುಮಾರಿಗೆ ನೀರಿನ ಗಡಸುತನ ಅಳೆಯುವ ವಿಧಾನ ರೂಪಿಸಿದ್ದು ಸೋಪಿನ ದ್ರಾವಣದಿಂದಲೇ. ಎಷ್ಟು ಹನಿ ಹಾಕಿದರೆ ನೊರೆ ನಿಲ್ಲುತ್ತದೆ ಎಂದು ಎಣಿಸುವುದು, ಅಷ್ಟೇ! ನಮ್ಮ ಅಜ್ಜಿಯರು ಎಣಿಸಿ ಬರೆದಿಡಲಿಲ್ಲ.

ನೀರು ತಿಳಿ ಮಾಡುವ ವಿದ್ಯೆಯೂ ನಮ್ಮಲ್ಲಿ ಹಳೆಯದು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಬಗ್ಗೆಯೇ ಒಂದು ಅಧ್ಯಾಯವಿದೆ. ಬಾವಿಯ ನೀರು ಕೆಟ್ಟಿದ್ದರೆ ಲಾವಂಚ, ನೆಲ್ಲಿ, ಕತಕದ ಬೀಜ ಮೊದಲಾದವುಗಳ ಪುಡಿ ಹಾಕಬೇಕೆಂದು ಅಲ್ಲಿ ಹೇಳಿದೆ. ಕತಕ ಅಂದರೆ ನಮ್ಮ ಚಿಲ್ಲದ ಬೀಜ. ಬಗ್ಗಡದ ಕೊಡದ ಒಳಮೈಗೆ ಈ ಬೀಜ ತೇಯ್ದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ಆದರೆ ಚಿಲ್ಲದ ಬೀಜ ಇಳಿಸುವುದು ತೇಲುವ ಮಣ್ಣನ್ನು. ಕರಗಿದ ಉಪ್ಪನ್ನು ಅದು ಮುಟ್ಟುವುದಿಲ್ಲ, ಬಟ್ಟೆ ಸೋಸುವುದಿಲ್ಲ. ಇನ್ನು ಕುದಿಸಿದರೋ, ರೋಗದ ಕ್ರಿಮಿಗಳು ಸಾಯುತ್ತವೆ, ಸುಣ್ಣದ ಅಂಶ ಒಂದಿಷ್ಟು ಪಾತ್ರೆಗೆ ಹತ್ತುತ್ತದೆ, ಆದರೆ ನೀರು ಆವಿಯಾದಷ್ಟೂ ಉಳಿದ ಲವಣಗಳು ಇನ್ನೂ ಗಟ್ಟಿಯಾಗುತ್ತವೆ. "ಕುದಿಸಿ ಆರಿಸಿ ಕುಡಿಯಿರಿ" ಎಂದು ನಾವು ಮೇಷ್ಟರುಗಳು ಗೋಡೆಯ ಮೇಲೆ ಬರೆಸುವಾಗ ಇದನ್ನು ಹೇಳುವುದಿಲ್ಲ.

ಹಿರಿಯರ ಪರೀಕ್ಷೆಗಳು ಸುಳ್ಳಲ್ಲ. ಆದರೆ ಅವು ಹಿಡಿಯಲಾರದ ವಸ್ತುವೊಂದಿತ್ತು.

1937ರಲ್ಲಿ ಮದ್ರಾಸಿನ ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟ್‌ನ ಶಾರ್ಟ್, ಪಂಡಿತ್, ರಾಘವಾಚಾರಿ ಎಂಬ ಮೂವರು ನೆಲ್ಲೂರು ಜಿಲ್ಲೆಯ ಹಳ್ಳಿಗಳಿಂದ ಒಂದು ವರದಿ ಬರೆದರು. ಇವರಲ್ಲಿ ಪಂಡಿತ್ ಎಂದರೆ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ನಿರ್ದೇಶಕರಾದ ಸಿ. ಜಿ. ಪಂಡಿತ್. ಆ ಹಳ್ಳಿಗಳಲ್ಲಿ ರೋಗವನ್ನು ಮೊದಲು ಗಮನಿಸಿದ್ದು ವೈದ್ಯರಲ್ಲ, ರೈತರು. ಅದೂ ಮನುಷ್ಯರಲ್ಲಲ್ಲ, ಎತ್ತುಗಳಲ್ಲಿ. ದುಡಿಯುವ ವಯಸ್ಸಿನ ಎತ್ತುಗಳು ಕೀಲು ಹಿಡಿದು ನಡೆಯಲಾರದೆ ನಿಂತುಬಿಡುತ್ತಿದ್ದವು. ಆಮೇಲೆ ನೋಡಿದರೆ ಮನುಷ್ಯರಿಗೂ ಅದೇ. ಬೆನ್ನು ಬಾಗಿ ಮರದ ಹಾಗೆ ಸೆಟೆದುಕೊಂಡ ನಡುವಯಸ್ಸಿನವರು, ಕಂದುಗಟ್ಟಿದ ಹಲ್ಲಿನ ಮಕ್ಕಳು. ಕಾರಣ ಬಾವಿಯ ನೀರಿನ ಫ್ಲೋರೈಡು. ನಮ್ಮ ದೇಶದಲ್ಲಿ ಫ್ಲೋರೋಸಿಸ್ ರೋಗದ ಚರಿತ್ರೆ ಶುರುವಾಗುವುದು ಈ ವರದಿಯಿಂದ. ಆಗ ಅನಂತಪುರ ಜಿಲ್ಲೆಯೂ ಅದೇ ಮದ್ರಾಸು ಪ್ರಾಂತ್ಯದಲ್ಲಿತ್ತು.

ಹಲ್ಲಿನ ಕಲೆಗೂ ನೀರಿಗೂ ಇರುವ ನಂಟು ಜಗತ್ತಿಗೇ ಹೊಸದಾಗಿತ್ತು. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಹೋದ ಫ್ರೆಡರಿಕ್ ಮೆಕೇ ಎಂಬ ಹಲ್ಲಿನ ವೈದ್ಯ ಅಲ್ಲಿನವರ ಕಂದು ಹಲ್ಲು ನೋಡಿ ಬೆರಗಾಗಿ ಅದರ ಬೆನ್ನು ಹತ್ತಿದ. ನೀರಿನ ಮೇಲೇ ಅವನಿಗೆ ಅನುಮಾನ. ಆದರೆ ಎಷ್ಟು ಪರೀಕ್ಷೆ ಮಾಡಿಸಿದರೂ ನೀರಿನಲ್ಲಿ ಏನೂ ಸಿಗುತ್ತಿರಲಿಲ್ಲ. ಕೊನೆಗೆ 1931ರಲ್ಲಿ ಒಂದು ಅಲ್ಯೂಮಿನಿಯಂ ಕಂಪನಿಯ ರಸಾಯನಶಾಸ್ತ್ರಜ್ಞ ಚರ್ಚಿಲ್ ಎಂಬುವನು ಅದು ಫ್ಲೋರೈಡು ಎಂದು ಪತ್ತೆ ಹಚ್ಚಿದ. ಮೂವತ್ತು ವರ್ಷ! ಯಾಕೆಂದರೆ ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಇದ್ದರೂ ಅದಕ್ಕೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ.

ಗೆಳೆಯರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಗ್ರಾನೈಟ್ ಮತ್ತು ನೈಸ್ ಕಲ್ಲುಗಳಲ್ಲಿ ಫ್ಲೋರೈಡಿರುವ ಖನಿಜಗಳಿವೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕ್ಯಾಲ್ಸಿಯಂ ಫ್ಲೋರೈಡಾಗಿ ಕೆಳಗಿಳಿಸುತ್ತದೆ, ನೀರಿನಲ್ಲಿ ಹೆಚ್ಚು ಉಳಿಯಗೊಡುವುದಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿ, ಸೋಡಿಯಂ ಬೈಕಾರ್ಬೊನೇಟ್ ಹೆಚ್ಚಿದ್ದರೆ ಫ್ಲೋರೈಡು ಆರಾಮವಾಗಿ ಕರಗಿ ಕೂರುತ್ತದೆ. ಸೋಡಿಯಂ ಬೈಕಾರ್ಬೊನೇಟ್ ಎಂದರೆ ಏನು? ನಮ್ಮ ಅಡುಗೆ ಸೋಡಾ. ಅಂಥ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಕೊಡುತ್ತದೆ, ಕುಡಿಯಲು ಮೆತ್ತಗಿರುತ್ತದೆ. ಅಂದರೆ ಹಿರಿಯರ ಮೂರೂ ಪರೀಕ್ಷೆಗಳಲ್ಲಿ ಪಾಸಾಗಿ, ಮೊದಲ ದರ್ಜೆಯಲ್ಲೇ ಪಾಸಾಗಿ, ಎಲುಬಿಗೆ ಇಳಿಯುವ ನೀರು ಅದು.

ಹಾಗಾದರೆ ಹಿಂದಿನವರಿಗೆ ಇಷ್ಟು ತೊಂದರೆ ಯಾಕಿರಲಿಲ್ಲ? ನೆಲ್ಲೂರಿನವರಿಗೆ ಬಾವಿಯಲ್ಲೇ ಇತ್ತು. ಆದರೆ ಕೆರೆ, ಚಿಲುಮೆ, ಮೇಲಿನ ಬಾವಿಗಳ ನೀರು ಕುಡಿದವರು ಬಹುಮಟ್ಟಿಗೆ ಪಾರಾದರು. ಕಥೆ ಬದಲಾದದ್ದು ಬೋರ್‌ವೆಲ್ ಬಂದ ಮೇಲೆ. 1967ರ ಬಿಹಾರದ ಬರಗಾಲದಲ್ಲಿ ಗಟ್ಟಿ ಬಂಡೆ ಕೊರೆಯುವ ಯಂತ್ರಗಳು ಯುನಿಸೆಫ್ ಮೂಲಕ ಬಂದವು. ಆಮೇಲೆ ದಖನ್ನಿನ ಬರದ ನಾಡಿಗೂ ಇಳಿದವು. ಎಪ್ಪತ್ತರ ದಶಕದಲ್ಲಿ ಸೊಲ್ಲಾಪುರದ ಪಂಪಿನ ಮಾದರಿಯಿಂದ ಬೆಳೆಸಿದ ಇಂಡಿಯಾ ಮಾರ್ಕ್ 2 ಕೈಪಂಪು ಊರೂರಿಗೆ ಬಂತು. ಬೋರಿಂಗ್ ಎಂದು ನಾವೆಲ್ಲ ಜಗ್ಗಿ ನೀರು ಹೊಡೆದದ್ದು ಅದನ್ನೇ. ಅದನ್ನು ಬೈಯುವುದು ತಪ್ಪು. ತೆರೆದ ಬಾವಿ, ಕೆರೆಯ ನೀರಿನಿಂದ ಬರುತ್ತಿದ್ದ ವಾಂತಿಭೇದಿ, ನಾರುಹುಣ್ಣುಗಳಿಂದ ಈ ಪಂಪು ಎಷ್ಟೋ ಜನರನ್ನು ಉಳಿಸಿತು. ಆದರೆ ಕ್ರಿಮಿಯಿಂದ ತಪ್ಪಿಸಿಕೊಳ್ಳಲು ಹೋಗಿ ನಾವು ಕಲ್ಲಿನ ಕೈಗೆ ಸಿಕ್ಕೆವು. ಆಳಕ್ಕೆ ಹೋದಷ್ಟೂ ನೀರು ಕಲ್ಲಿನ ಸಂದಿಯಲ್ಲಿ ಹೆಚ್ಚು ಕಾಲ ನಿಂತದ್ದಾಗಿರುತ್ತದೆ, ಸಾಮಾನ್ಯವಾಗಿ ಅಷ್ಟೂ ಹೆಚ್ಚು ಕರಗಿಸಿಕೊಂಡಿರುತ್ತದೆ. ಮೊದಲು ನೂರಿನ್ನೂರು ಅಡಿ, ಆಮೇಲೆ ಶೇಂಗಾದ ಜೊತೆಗೆ ಅಡಿಕೆ, ಹಿಪ್ಪುನೇರಳೆಗೂ ನೀರೆತ್ತಲು ಸಾವಿರ ಅಡಿ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ ಇದು ಎಷ್ಟು ದಿನ ನಡೆಯುತ್ತದೆ ಹೇಳಿ.

ಪರಿಹಾರಗಳೂ ಹುಟ್ಟಿದವು. ನಾಗಪುರದ ನೀರಿ ಸಂಸ್ಥೆ ಎಪ್ಪತ್ತರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಸುಣ್ಣ, ಪಟಿಕ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ಫ್ಲೋರೈಡನ್ನು ಗಸಿಯ ಜೊತೆ ಇಳಿಸುತ್ತಾರೆ. ನಮ್ಮ ಕದಿರಿಯಲ್ಲಿ 1980ರ ಸುಮಾರಿಗೆ ಊರಿಗೆ ಒದಗುವಂಥ ಘಟಕವನ್ನೇ ಕಟ್ಟಿದ್ದರು. ಆಮೇಲೆ 1995–96ರಲ್ಲಿ ಶ್ರೀ ಸತ್ಯಸಾಯಿ ಕುಡಿಯುವ ನೀರಿನ ಯೋಜನೆ ಅನಂತಪುರ ಜಿಲ್ಲೆಯ ಏಳು ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಪೈಪು ಎಳೆಯಿತು. ಜಲಾಶಯಗಳಿಂದ, ಹೊಳೆಯ ಮರಳಿನ ಬಾವಿಗಳಿಂದ ನೀರು ಬಂತು. 1999ರ ನವೆಂಬರ್‌ನಲ್ಲಿ ಅಂಚೆ ಇಲಾಖೆ ಈ ಯೋಜನೆಯ ಮೇಲೆ ಒಂದು ಅಂಚೆಚೀಟಿಯನ್ನೂ ತಂದಿತು. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಪಾಠ ಪೈಪಿನದಲ್ಲ, ಮೂಲದ್ದು. ಫ್ಲೋರೈಡು ತೆಗೆಯುವ ಕಷ್ಟಕ್ಕೆ ಹೋಗದೆ, ಫ್ಲೋರೈಡು ಕಡಿಮೆ ಇರುವ ಮಳೆಯ ನೀರನ್ನು, ಹೊಳೆಯ ನೀರನ್ನು ತರುವುದು. ಪೋರುಮಾಮಿಳ್ಳದ ಶಾಸನ ಹೇಳಿದ್ದೂ ಅದನ್ನೇ ಅಲ್ಲವೇ.

ಈಗ ಟಿಡಿಎಸ್ ಮೀಟರಿನ ಕಾಲ. ಕೆಲವು ವರ್ಷಗಳ ಹಿಂದೆ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ನಮ್ಮ ಬೀದಿಗೆ ಬಂದಿದ್ದ. ಒಂದು ಲೋಟದಲ್ಲಿ ಮನೆಯ ನೀರು, ಇನ್ನೊಂದರಲ್ಲಿ ತನ್ನ ಯಂತ್ರದ ನೀರು ಇಟ್ಟು, ಎರಡಕ್ಕೂ ಕಡ್ಡಿಗಳಿರುವ ಒಂದು ಸಾಧನ ಇಳಿಸಿ ಕರೆಂಟು ಕೊಟ್ಟ. ಮನೆಯ ನೀರು ನೋಡನೋಡುತ್ತ ಕೆಂಪು ಕೆಸರಾಯಿತು! ಯಂತ್ರದ ನೀರು ಹಾಗೇ ಇತ್ತು. "ನೋಡ್ರಮ್ಮ, ದಿನಾ ಕುಡಿಯೋ ವಿಷ" ಎಂದ. ಹೆಂಗಸರು ಹೌಹಾರಿದರು. ಕಂತಿನಲ್ಲಿ ಮೂರು ಮನೆಯವರು ಯಂತ್ರ ಕೊಂಡರು, ಅದರಲ್ಲಿ ನಮ್ಮ ಶಾಲೆಯ ಮಕ್ಕಳ ಮನೆಯೊಂದು, ದಿನಗೂಲಿಯವರದು.

ಮರುದಿನ ತರಗತಿಯಲ್ಲಿ ಎರಡು ಕಬ್ಬಿಣದ ಮೊಳೆ, ಒಂದು ಒಂಬತ್ತು ವೋಲ್ಟಿನ ಬ್ಯಾಟರಿ ತೆಗೆದುಕೊಂಡೆವು. ಆ ಮನೆಯ ಹುಡುಗಿ ತಂದ ಯಂತ್ರದ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮೊಳೆ ಇಳಿಸಿದೆವು. ಸ್ವಲ್ಪ ಹೊತ್ತಿಗೆ ಅದೂ ತುಕ್ಕಿನ ಬಣ್ಣಕ್ಕೆ ತಿರುಗಿತು. ಕೆಸರು ನೀರಿನದಲ್ಲ, ಮೊಳೆಯದು. ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಹರಿದರೆ ಕಬ್ಬಿಣ ಸವೆಯುತ್ತದೆ. ಹುಡುಗಿ ಮನೆಗೆ ಹೋಗಿ ಅಪ್ಪನಿಗೂ ಮಾಡಿ ತೋರಿಸಿದಳಂತೆ. ಕಂತು ಮಾತ್ರ ನಿಲ್ಲಲಿಲ್ಲ.

ಕಿಸೆಯಲ್ಲಿಡುವ ಮೀಟರಿನ ಗುಟ್ಟೂ ಇದೇ. ಅದು ಉಪ್ಪನ್ನು ತೂಗುವುದಿಲ್ಲ, ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ ಅಂದಾಜು ಹೇಳುತ್ತದೆ. ಯಾವ ಉಪ್ಪು ಎಂದು ಅದಕ್ಕೆ ಗೊತ್ತಿಲ್ಲ. 1983ರಲ್ಲಿ ಮೊದಲು ಬಂದು 2012ರಲ್ಲಿ ಮತ್ತೆ ಪರಿಷ್ಕೃತವಾದ ನಮ್ಮ ದೇಶದ ಕುಡಿಯುವ ನೀರಿನ ಮಾನಕ, ಐಎಸ್ 10500, ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ಆಗಬಹುದು ಎನ್ನುತ್ತದೆ. ಫ್ಲೋರೈಡಿಗೆ ಅದೇ ಮಾನಕದ ಮಿತಿ 1, ಹೆಚ್ಚೆಂದರೆ 1.5 ಮಿಲಿಗ್ರಾಂ. ಈಗ ಲೆಕ್ಕ ಹಾಕಿ. ಟಿಡಿಎಸ್ 500 ಇರುವ ನೀರಿನಲ್ಲಿ ಫ್ಲೋರೈಡು 1 ಇದ್ದದ್ದು 4 ಆದರೆ ಮೀಟರಿನಲ್ಲಿ ಕಾಣುವ ವ್ಯತ್ಯಾಸವೆಷ್ಟು? ಮೂರು. ಬಿಸಿಲಿಗೆ ನೀರು ಸ್ವಲ್ಪ ಬೆಚ್ಚಗಾದರೂ ಮೀಟರು ಅಷ್ಟು ಆಚೀಚೆ ಆಗುತ್ತದೆ. ನಾಲಿಗೆ ಹಿಡಿಯಲಾರದ್ದನ್ನು ಮೀಟರೂ ಹಿಡಿಯಲಿಲ್ಲ.

ಇದು ಬರೀ ಲೆಕ್ಕವಲ್ಲ. ನಮ್ಮ ಕಡೆ ಒಂದು ಊರಿನಲ್ಲಿ ಮಕ್ಕಳಿಗೆ ನೀರು ಕೊಡಲು ಎರಡು ಬೋರುಗಳಲ್ಲಿ ಒಂದನ್ನು ಆರಿಸಬೇಕಿತ್ತು. ಒಂದರದ್ದು ಸಪ್ಪೆ ಸವುಳು, ಮೀಟರಿನಲ್ಲಿ ಸಂಖ್ಯೆಯೂ ಜಾಸ್ತಿ. ಇನ್ನೊಂದು ರುಚಿ, ಸಂಖ್ಯೆಯೂ ಕಡಿಮೆ. ಊರಿನವರೂ ಸರಿ, ನಾನೂ ಸರಿ, ಎರಡನೆಯದಕ್ಕೇ ಕೈ ಎತ್ತಿದೆವು. ಹಿರಿಯ ಸಹೋದ್ಯೋಗಿಯೊಬ್ಬರು ಹಟ ಹಿಡಿದು ಎರಡನ್ನೂ ಬಾಟಲಿಯಲ್ಲಿ ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬಂದಾಗ ಫ್ಲೋರೈಡು ಮಿತಿ ದಾಟಿದ್ದು ರುಚಿಯ ಬೋರಿನಲ್ಲಿ. ಸವುಳು ಬೋರು ಗಡಸಾಗಿತ್ತು, ಆದರೆ ಫ್ಲೋರೈಡಿನಲ್ಲಿ ಮಿತಿಯೊಳಗಿತ್ತು. ನಾನು ವಿಜ್ಞಾನ ಹೇಳಿಕೊಡುವವನು, ಕೈ ಎತ್ತಿದ್ದೆ ಎಂಬುದನ್ನು ಮರೆತಿಲ್ಲ. ಹಲ್ಲಿನ ಕವಚ ಕಟ್ಟಿಕೊಳ್ಳುವುದು ಎಂಟು ವರ್ಷದೊಳಗೆ. ಆ ವಯಸ್ಸಿನಲ್ಲಿ ಕುಡಿದದ್ದು ಆಮೇಲೆ ಉಜ್ಜಿದರೆ ಹೋಗುವ ಕಲೆಯಲ್ಲ. ದೊಡ್ಡ ತರಗತಿಗೆ ಬಂದ ಹೆಣ್ಣುಮಕ್ಕಳು ಕೆಲವರು ನಗುವಾಗ ಬಾಯಿಗೆ ಕೈ ಅಡ್ಡ ಇಡುವುದು ನಾಚಿಕೆಯಿಂದ ಎಂದು ಮೊದಮೊದಲು ನಾನು ತಿಳಿದಿದ್ದೆ.

ಆರ್‌ಒ ಯಂತ್ರವನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಅದರ ಪೊರೆಯನ್ನು ರೂಪಿಸಿದ್ದು ಕ್ಯಾಲಿಫೋರ್ನಿಯದಲ್ಲಿ ಸಿಡ್ನಿ ಲೋಬ್ ಎಂಬುವರ ಜೊತೆ ಕೆಲಸ ಮಾಡಿದ ನಮ್ಮ ದೇಶದ ಶ್ರೀನಿವಾಸ ಸೌರಿರಾಜನ್, 1960ರ ಹೊತ್ತಿಗೆ. ಫ್ಲೋರೈಡನ್ನೂ ಅದು ಚೆನ್ನಾಗಿ ತೆಗೆಯುತ್ತದೆ. 2014ರಲ್ಲಿ ಆಂಧ್ರ ಸರ್ಕಾರ ಎನ್‌ಟಿಆರ್ ಸುಜಲ ಹೆಸರಿನಲ್ಲಿ ಎರಡು ರೂಪಾಯಿಗೆ 20 ಲೀಟರ್ ಶುದ್ಧ ನೀರಿನ ಯೋಜನೆ ತಂದಾಗ, ಗಡಿಯಾಚೆ ಕರ್ನಾಟಕದಲ್ಲೂ ಅಂಥ ಘಟಕಗಳು ಏಳುತ್ತಿದ್ದಾಗ, ಎಷ್ಟೋ ಮನೆಗಳಿಗೆ ಒಳ್ಳೆಯದಾಯಿತು. ಆದರೆ ಪೊರೆಯ ಈಚೆ ಉಳಿದ ಉಪ್ಪು ಎಲ್ಲಿಗೆ ಹೋಯಿತು? ಘಟಕದ ಹಿಂದಿನ ಮೋರಿ ನೋಡಿ. ಮೊದಲಿಗಿಂತ ಗಟ್ಟಿಯಾದ ಉಪ್ಪುನೀರು ಅಲ್ಲೇ ಇಂಗಿ ಮತ್ತೆ ನೆಲಕ್ಕೆ ಇಳಿಯುತ್ತಿರುತ್ತದೆ. ಪೊರೆ ಸವೆದ ಮೇಲೂ ಬದಲಿಸದ ಘಟಕದಲ್ಲಿ ನಲ್ಲಿಯಿಂದ ಬರುವುದು ಬರೀ ನಂಬಿಕೆ.

ನಮ್ಮ ಶಾಲೆಯಲ್ಲಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ, ಮಕ್ಕಳು ತಮ್ಮ ತಮ್ಮ ಬೀದಿಯ ನೀರನ್ನು ತರುತ್ತಾರೆ. ಬೋರಿನ ಆಳ, ಮೀಟರಿನ ಸಂಖ್ಯೆ, ಬೇಳೆ ಬೇಯುತ್ತದೆಯೋ ಇಲ್ಲವೋ ಎಂಬ ಅಮ್ಮನ ಮಾತು, ಎಲ್ಲವನ್ನೂ ಬರೆಯುತ್ತಾರೆ. ಫ್ಲೋರೈಡಿನ ಕಾಲಮ್ಮಿನಲ್ಲಿ ಮಾತ್ರ ಪ್ರಯೋಗಾಲಯದ ಕಾಗದ ಬಂದ ಮೇಲೆಯೇ ಸಂಖ್ಯೆ ತುಂಬಬೇಕೆಂದು ನಿಯಮ. ಆ ಕಾಲಮ್ಮಿನಲ್ಲಿ ಇನ್ನೂ ಖಾಲಿ ಮನೆಗಳೇ ಹೆಚ್ಚು. ಮೊನ್ನೆ ಹಿಂದಿನ ಬೆಂಚಿನ ಅದೇ ಹುಡುಗ ಬಂದು, "ಸಾರ್, ಗಡಿ ಆಚೆ ನಮ್ಮ ಮಾವನ ಊರಿನ ನೀರೂ ತರ್ಲಾ?" ಎಂದು ಕೇಳಿದ. ತಾರಪ್ಪ ಎಂದೆ.